ಆಮೆಮರಿಯೂ ಬೇಸಗೆಯ ರಜೆಯೂ

ಶಾಲೆಗಳಿಗೆ ಬೇಸಗೆಯ ರಜೆ ಬಂದು, ಊರಿಗೆ ಹೊರಡುವ ಸಂಭ್ರಮ ಮೊದಲಾದೊಡನೆ ಕೆಲವು ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಗಾಜಿನ ತೊಟ್ಟಿಯ ಆಮೆಮರಿಯ ಗತಿಯೇನು? "ಕೋಟೆಯ ಹೊಂಡಕ್ಕೆ ಬಿಟ್ಟರಾಯಿತು" ಎಂದು ಚಿತ್ರದುರ್ಗದವರು ಹೇಳಬಹುದು. ಹೊಳಲ್ಕೆರೆಯವರು ಕೆರೆಯನ್ನು ತೋರಿಸಬಹುದು. ಹಿರಿಯೂರಿನವರಿಗೆ ಮಾರಿಕಣಿವೆ ಇದ್ದೇ ಇದೆ. ದಯೆಯಂತೆ ತೋರುವ ಈ ಮಾತು ನಿಜವಾದ ದಯೆಯಲ್ಲ.

ಅಲಂಕಾರದ ಮೀನುಗಳೊಡನೆ ಮಾರಾಟವಾಗುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಹಸಿರು ಮರಿ ನಮ್ಮ ನಾಡಿನದಲ್ಲ. ರೆಡ್ ಇಯರ್ಡ್ ಸ್ಲೈಡರ್ ಎಂಬ ಈ ಆಮೆಯ ತವರು ಅಮೆರಿಕದ ಮಿಸಿಸಿಪಿ ನದಿಯ ಸೀಮೆ. ಮೊಟ್ಟೆಯೊಡೆದು ಬಂದಾಗ ಸುಮಾರು 3 ಸೆಂಟಿಮೀಟರಿನಷ್ಟಿರುವ ಮರಿ, ಬೆಳೆದ ಮೇಲೆ 25 ಸೆಂಟಿಮೀಟರನ್ನು ಮುಟ್ಟುವುದುಂಟು. ಇಪ್ಪತ್ತು ಮೂವತ್ತು ವರ್ಷ ಬದುಕುವುದೂ ಉಂಟು. ನಮ್ಮ ಹೊಲಗಳಲ್ಲಿ ಸಿಗುವ ನಕ್ಷತ್ರ ಆಮೆಯನ್ನಾಗಲಿ, ಕೆರೆಯ ಆಮೆಯನ್ನಾಗಲಿ ಮನೆಗೆ ತರಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

ಮರಿಯ ಮನೆಯಲ್ಲಿ ಈಜುವಷ್ಟು ನೀರೂ, ಏರಿ ಮೈಯೊಣಗಿಸಿಕೊಳ್ಳಲು ಒಂದು ಕಲ್ಲೂ ಇರಬೇಕು. ನೀರು 26ರಿಂದ 28 ಡಿಗ್ರಿಯಷ್ಟು ಬೆಚ್ಚಗಿದ್ದರೆ ಹಿತ. ಎಳೆಬಿಸಿಲು ನೇರವಾಗಿ ತಾಗದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಸಾಲದು. ಆದರೆ ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮರೆತರೆ ಮರಿ ಬೆಂದೇಹೋದೀತು. ಬೆಳಗಿನ ಬಿಸಿಲು ಸಾಕು. ಅದರಲ್ಲೂ ಒಂದು ಪಕ್ಕ ನೆರಳಿರಬೇಕು. ನಲ್ಲಿಯ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸುವುದು ಲೇಸು.

ಮರಿಗೆ ದಿನಕ್ಕೊಮ್ಮೆ, ಅದರ ತಲೆಯ ಗಾತ್ರದಷ್ಟು ಆಹಾರ ಸಾಕು: ಆಮೆಗೆಂದೇ ಮಾಡಿದ ಗುಳಿಗೆ, ಎರೆಹುಳು, ಸಣ್ಣ ಮೀನು, ಎಳೆಯ ಸೊಪ್ಪು. ಬರಿಯ ಒಣ ಸೀಗಡಿಯಿಂದ ಪೋಷಣೆಯಾಗದು. ನೀರಿನಲ್ಲೇ ನುಂಗುವ ಪ್ರಾಣಿಯಾದುದರಿಂದ ಆಹಾರವನ್ನು ನೀರಿಗೇ ಹಾಕಿ, ಉಳಿದುದನ್ನು ಅರ್ಧ ಗಂಟೆಯೊಳಗೆ ತೆಗೆಯಬೇಕು. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಲೇಬೇಕು. ತೊಟ್ಟಿಯನ್ನು ಅಡಿಗೆಮನೆಗೆ ತರಬಾರದು. ಆಮೆಯ ಮೈಮೇಲಿನ ಸಾಲ್ಮೊನೆಲ್ಲಾ ಕ್ರಿಮಿಯಿಂದ ಮಕ್ಕಳಿಗೆ ಬೇನೆ ತಗಲುತ್ತದೆಂದು ಅಮೆರಿಕದಲ್ಲಿ 1975ರಿಂದ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಷೇಧಿಸಿದ್ದಾರೆ.

ಇನ್ನು ರಜೆಯ ಮಾತು. ಎರಡು ದಿನ ಉಪವಾಸವಿದ್ದರೆ ಆರೋಗ್ಯವಂತ ಮರಿಗೆ ಕೇಡಿಲ್ಲ. ಆದರೆ ಬೇಸಗೆಯಲ್ಲಿ ನೀರು ಆರುವುದರಿಂದ ಆಗಲೂ ಒಬ್ಬರು ಬಂದು ನೋಡುತ್ತಿರಬೇಕು. ಹೆಚ್ಚು ದಿನವಾದರೆ ತೊಟ್ಟಿಯೊಡನೆ ನೆರೆಮನೆಗೆ ಒಪ್ಪಿಸುವುದೇ ಸರಿ. ದಿನಕ್ಕೊಂದರಂತೆ ಆಹಾರದ ಪೊಟ್ಟಣ ಕಟ್ಟಿ, ತಾರೀಖು ಬರೆದು ಕೊಡಿ. ಇಲ್ಲವಾದರೆ ಪಕ್ಕದ ಮನೆಯ ಅಜ್ಜಿ ಅಕ್ಕರೆಯಿಂದ ಅನ್ನ, ಬಿಸ್ಕತ್ತು ಹಾಕಿ ನೀರು ಕೆಡಿಸಿಯಾರು.

ಹೊಂಡಕ್ಕೆ ಬಿಟ್ಟರೇನು ಕೇಡು? ಎಳೆಯ ಮರಿ ಹಕ್ಕಿಗೋ ಮೀನಿಗೋ ತುತ್ತಾಗಬಹುದು. ಬದುಕಿ ಬೆಳೆದರೆ ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಅದು ಕಸಿಯುತ್ತದೆ, ಹೊಸ ರೋಗವನ್ನೂ ತರಬಲ್ಲುದು. ನೀರಿಗೆ ಊರಿನ ಗಡಿಯಿಲ್ಲ: ಹೊಸದುರ್ಗದ ಕಡೆಯಿಂದ ಹರಿಯುವ ವೇದಾವತಿ ಮಾರಿಕಣಿವೆಯನ್ನು ಸೇರುತ್ತದೆ, 1933ರ ತರುವಾಯ 2022ರಲ್ಲಿ ಕೋಡಿ ಬಿದ್ದಂತೆ ಆ ಸಾಗರ ತುಂಬಿ ಹರಿದರೆ, ಪರದೇಶದ ಆಮೆಯೂ ಅದರೊಡನೆ ಮುಂದೆ ಸಾಗೀತು.

ಸಾಕಲಾರೆವೆಂದು ತೋರಿದರೆ, ಸಾಕಬಲ್ಲ ಇನ್ನೊಂದು ಮನೆಯನ್ನು ಹುಡುಕಿ, ಇಲ್ಲವೆ ಅರಣ್ಯ ಇಲಾಖೆಯವರನ್ನು ವಿಚಾರಿಸಿ. ಮಗು ಆಮೆಮರಿ ಬೇಕೆಂದು ಹಟ ಹಿಡಿದಾಗ ತಂದೆತಾಯಿಗಳು ಅಂಗಡಿಯ ಬೆಲೆಯನ್ನು ಕೇಳುವ ಮೊದಲು ಒಂದು ಲೆಕ್ಕ ಮಾಡಲಿ: ಆ ಮಗು ಓದು ಮುಗಿಸಿ, ಮದುವೆಯಾಗಿ ಮನೆ ಬಿಟ್ಟ ಮೇಲೂ ಅದರ ತೊಟ್ಟಿ ತೊಳೆಯುವವರು ಯಾರು?