ಪಂಜರ ಒದ್ದೆಯಾದರೆ ತಪ್ಪು ಯಾರದು?

"ನಾಯಿ ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ" ಎಂಬ ಮಾತು ನಮ್ಮ ಜನರ ಬಾಯಲ್ಲಿ ಈಚೆಗೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಎರಡು ಮೂರು ವರ್ಷ ಮನೆಯೊಳಗೆ ಒಂದು ತೊಟ್ಟೂ ಹೊಲಸು ಮಾಡದೆ, ಬಾಗಿಲ ಬಳಿ ನಿಂತು ಕುಂಯ್‌ಗುಟ್ಟಿ ಹೊರಗೆ ಕರೆದೊಯ್ಯಿರೆಂದು ಕೇಳುತ್ತಿದ್ದ ನಾಯಿ ಒಂದು ದಿನ ತಾನು ಮಲಗುವ ಪಂಜರವನ್ನೇ ಒದ್ದೆ ಮಾಡುತ್ತದೆ. ಮರುದಿನವೂ ಅದೇ. ಮೂರನೆಯ ದಿನ ಮನೆಯ ಯಜಮಾನರು ತೀರ್ಪು ಕೊಟ್ಟುಬಿಡುತ್ತಾರೆ: ಇದಕ್ಕೆ ಕೊಬ್ಬು ಹೆಚ್ಚಾಗಿದೆ, ಬೇಕೆಂದೇ ಮಾಡುತ್ತಿದೆ, ಎರಡು ಬಿಗಿದರೆ ಸರಿಹೋಗುತ್ತದೆ. ಈ ತೀರ್ಪು ತಪ್ಪು, ಶಿಕ್ಷೆ ಅನ್ಯಾಯ ಎಂದು ನಾವು ಖಂಡಿತವಾಗಿ ಹೇಳಬಯಸುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ಬರೆ ಬಿದ್ದದ್ದಾದರೂ ಬೇರೆ ಪ್ರಾಣಿಗೆ; ಇಲ್ಲಿ ಜ್ವರವೂ ಅದಕ್ಕೇ, ಬರೆಯೂ ಅದಕ್ಕೇ.

ಊರಿನಲ್ಲಿ ನಮ್ಮ ಹಿರಿಯರು ನಾಯಿಗೆ ಪಂಜರ ಕಟ್ಟಿಸಿದವರಲ್ಲ. ಜಗಲಿಯ ಮೂಲೆ, ಹುಲ್ಲಿನ ಬಣವೆಯ ನೆರಳು, ಹಿತ್ತಿಲಿನ ಬೂದಿಗುಡ್ಡೆ, ಎಲ್ಲಾದರೂ ಮಲಗುತ್ತಿತ್ತು. ತನ್ನ ಕೆಲಸಕ್ಕೆ ತಾನೇ ಎದ್ದು ಹೋಗುತ್ತಿತ್ತು. ಮುಂಬಯಿಯ ಏಳನೆಯ ಮಹಡಿಯಲ್ಲೂ ನಮ್ಮ ದೇವಳಾಲಿ ಕ್ಯಾಂಪಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲೂ ಆ ಸೌಕರ್ಯವಿಲ್ಲ. ಆದ್ದರಿಂದ ಪಂಜರ ಬಂತು. ಅದು ಪಾಪವೆಂದು ನಾವು ಹೇಳುವುದಿಲ್ಲ. ಬಾಗಿಲು ತೆರೆದಿಟ್ಟ, ಹಳೆಯ ಕಂಬಳಿ ಹಾಸಿದ ಪಂಜರದೊಳಕ್ಕೆ ನಾಯಿ ತಾನಾಗಿಯೇ ಹೋಗಿ ಮಲಗುವುದನ್ನು ಯಾರು ಬೇಕಾದರೂ ನೋಡಬಹುದು. ಆದರೆ ಅದೇ ಪಂಜರಕ್ಕೆ ಬೆಳಗ್ಗೆ ಚಿಲಕ ಹಾಕಿ ಸಂಜೆ ತೆಗೆದರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ವಾಚಕರೇ ಊಹಿಸಲಿ.

ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ ಕೊನೆಗೆ ಕೇಂದ್ರ ಸರ್ಕಾರದ ಕಡತಗಳಿಗೆ ಗಂಟುಬಿದ್ದ ನಮಗೆ, ಆ ಓದಿನಲ್ಲಿ ಉಳಿದಿರುವುದು ಅಷ್ಟಿಷ್ಟು. ಅದರಲ್ಲಿ ಒಂದು ಸಂಗತಿ ಇಲ್ಲಿ ಮುಖ್ಯ. ಹುಟ್ಟಿದ ಮರಿಗೆ ತಾನಾಗಿ ಮೂತ್ರ ಮಾಡಲು ಬಾರದು. ತಾಯಿ ನೆಕ್ಕಿ ಮಾಡಿಸುತ್ತಾಳೆ, ನೆಕ್ಕಿಯೇ ಸ್ವಚ್ಛ ಮಾಡುತ್ತಾಳೆ. ಸುಮಾರು ಮೂರು ವಾರಕ್ಕೆ ಕಾಲು ಗಟ್ಟಿಯಾದೊಡನೆ ಮರಿ ಗೂಡಿನಿಂದ ತೆವಳಿ ಆಚೆಗೆ ಹೋಗಿ ತನ್ನ ಕೆಲಸ ಮುಗಿಸುತ್ತದೆ. ಮಲಗುವ ಜಾಗವನ್ನು ಹೊಲಸು ಮಾಡಬಾರದೆಂಬುದು ಅದರ ರಕ್ತದಲ್ಲೇ ಇರುವ ಪಾಠ; ನಾವು ಕಲಿಸಿದ್ದು ಅದರ ಮೇಲಿನ ಒಂದು ತೆಳು ಪದರ ಮಾತ್ರ. ಹೀಗಿರುವಾಗ ಬೆಳೆದ ನಾಯಿ ತನ್ನ ಹಾಸಿಗೆಯಲ್ಲೇ ಮೂತ್ರ ಮಾಡಿ ಅದರಲ್ಲೇ ಮಲಗಿದೆ ಎಂದರೆ, ತನಗೇ ಅಸಹ್ಯವಾದುದನ್ನು ಅದು ನಿರುಪಾಯವಾಗಿ ಮಾಡಿದೆ ಎಂದೇ ಅರ್ಥ. ಸೇಡು ತೀರಿಸಿಕೊಳ್ಳುವವನು ತನ್ನ ತಟ್ಟೆಯಲ್ಲೇ ಉಗುಳಿಕೊಳ್ಳುತ್ತಾನೆಯೆ?

ಮೊದಲು ಸಂಶಯಿಸಬೇಕಾದುದು ದೇಹವನ್ನು. ಮೂತ್ರಕೋಶದ ಸೋಂಕು ಹೆಣ್ಣುನಾಯಿಗಳಲ್ಲಿ ಹೆಚ್ಚು. ಸೋಂಕಾದಾಗ ಕೋಶ ತುಂಬದಿದ್ದರೂ ತುಂಬಿದಂತೆ ಉರಿ, ಪದೇ ಪದೇ ಸ್ವಲ್ಪ ಸ್ವಲ್ಪ. ಅಲ್ಲೇ ಕಲ್ಲು ಬೆಳೆದಿದ್ದರೂ ಹಾಗೆಯೇ. ನೀರು ಕುಡಿಯುವುದು ಇದ್ದಕ್ಕಿದ್ದಂತೆ ಹೆಚ್ಚಾಗಿ ಒದ್ದೆಯೂ ಹೆಚ್ಚಾದರೆ ಮಧುಮೇಹ, ಮೂತ್ರಪಿಂಡದ ದೌರ್ಬಲ್ಯ, ಇನ್ನೂ ಕೆಲವು ಗ್ರಂಥಿದೋಷಗಳು. ನಮ್ಮ ಪೂರ್ವಿಕರು ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ರೋಗ ಹೇಳುತ್ತಿದ್ದರು. ಇಂದಿಗೂ ಪಂಜರದ ಕೆಳಗೆ ಇರುವೆ ಸಾಲುಗಟ್ಟಿದರೆ ಇರುವೆಪುಡಿಗಿಂತ ಮೊದಲು ವೈದ್ಯರನ್ನು ನೆನೆಯುವುದು ಲೇಸು. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಹೆಣ್ಣುನಾಯಿ ಊಟ ಬಿಟ್ಟು ನೀರು ಮಾತ್ರ ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದು ನಾಳೆ ನೋಡೋಣ ಎನ್ನುವ ರೋಗವಲ್ಲ, ತಡವಾದರೆ ಜೀವ ಹೋಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಕೆಲವು ಹೆಣ್ಣುನಾಯಿಗಳಿಗೆ ವಯಸ್ಸಾಗುತ್ತ ಬಂದಂತೆ ಮೂತ್ರದ್ವಾರದ ಬಿಗಿ ಸಡಿಲವಾಗುತ್ತದೆ. ನಿದ್ದೆಯಲ್ಲಿ ತಾನೇ ತಿಳಿಯದೆ ಸೋರುತ್ತದೆ. ಇದಕ್ಕೂ ಔಷಧವಿದೆ. ತುರಿಕೆಗೆಂದು ಕೊಡುವ ಪ್ರೆಡ್ನಿಸೋಲೋನಿನಂಥ ಮಾತ್ರೆಯಿಂದಲೂ ದಾಹ, ಮೂತ್ರ ಎರಡೂ ಹೆಚ್ಚುತ್ತವೆ. ನಾವೇ ನುಂಗಿಸಿದ ಮಾತ್ರೆಗೆ ನಾವೇ ಏಟು ಕೊಡುವುದು ಯಾವ ನ್ಯಾಯ? ಒಳಗಾದದ್ದು ಮಲವಾದರೆ ಹುಳು, ಭೇದಿ, ಬದಲಾದ ಆಹಾರ. ಮುದಿನಾಯಿಗೆ ಕೀಲುನೋವಿನಿಂದ ಏಳಲಾಗದು, ಅಥವಾ ಮನುಷ್ಯರಂತೆಯೇ ಅರಳುಮರಳು.

ಮಳೆಗಾಲದ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇವೆ. ಇಲಿಜ್ವರ ನಾಯಿಯ ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಅದರ ಮೂತ್ರದ ಮೂಲಕ ಮನೆಯವರಿಗೂ ತಗಲಬಹುದು. 2005ರ ಜುಲೈ ಪ್ರಳಯದ ನಂತರ ಮುಂಬಯಿಯಲ್ಲಿ ಆ ಜ್ವರ ಹೇಗೆ ಹಬ್ಬಿತೆಂಬುದು ಅಲ್ಲಿನ ವಾಚಕರಿಗೆ ನೆನಪಿರಬೇಕು. ಪಂಜರವನ್ನು ಬರಿಗೈಯಲ್ಲಿ ತೊಳೆಯಬೇಡಿ. ವರ್ಷಕ್ಕೊಮ್ಮೆಯ ಲಸಿಕೆಯನ್ನು ಉಳಿತಾಯದ ಪಟ್ಟಿಗೆ ಸೇರಿಸಬೇಡಿ.

ನಮ್ಮ ಸಾಲಿನಲ್ಲೇ ಹುಬ್ಬಳ್ಳಿ ಕಡೆಯ ಒಂದು ಸಂಸಾರವಿದೆ. ಐದು ವರ್ಷದ ಲ್ಯಾಬ್ರಡಾರ್ ಹೆಣ್ಣು, ಬಲು ಸಂಭಾವಿತ. ಮಗ ಕಾಲೇಜಿಗೆಂದು ಪುಣೆಗೆ ಹೋದ. ಅದೇ ತಿಂಗಳು ಮನೆಯಾಕೆಗೆ ನಾಸಿಕ್ ರೋಡಿನಲ್ಲಿ ಕೆಲಸ ಸಿಕ್ಕಿತು. ನಾಯಿ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಒಳಗೆ. ವಾರ ಕಳೆಯುವುದರೊಳಗೆ ಪಂಜರ ಒದ್ದೆ. ಸುರುಳಿ ಸುತ್ತಿದ ಪತ್ರಿಕೆಯಿಂದ ಏಟು, ಮೂಗು ಹಿಡಿದು ಒದ್ದೆಗೆ ಉಜ್ಜುವುದು, ಎಲ್ಲ ಆಯಿತು. ಒಬ್ಬ ಹಿತೈಷಿಗಳು ನೀರು ಕಡಿಮೆ ಮಾಡಿ ಎಂದರು. ಇನ್ನೊಬ್ಬರು ರಾತ್ರಿ ಲಾಮ್ ರಸ್ತೆಯ ಆಚೆ ಬಿಟ್ಟುಬನ್ನಿ, ದಾರಿ ತಿಳಿಯದು ಎಂದರು. ಈ ಎರಡನೆಯ ಸಲಹೆ ಹೆಚ್ಚುಕಡಿಮೆ ನಿರ್ಧಾರವೇ ಆಗಿದ್ದಾಗ ನಾವು ನಡುವೆ ಬಾಯಿ ಹಾಕಿದೆವು. "ರಾಯರೆ, ಒಂದು ಬಾರಿ ಮೂತ್ರ ಪರೀಕ್ಷೆ ಮಾಡಿಸಿ, ಆಮೇಲೆ ನಿಮ್ಮಿಷ್ಟ" ಎಂದೆವು. ಬೆಳಗಿನ ಮೂತ್ರವನ್ನು ತೊಳೆದ ಸೌಟಿನಲ್ಲಿ ಹಿಡಿದು, ಸ್ವಚ್ಛ ಶೀಷೆಗೆ ಹಾಕಿ, ಒಂದು ಗಂಟೆಯೊಳಗೆ ಪಶುವೈದ್ಯರಿಗೆ ಮುಟ್ಟಿಸಿದ್ದಾಯಿತು. ಮೂತ್ರಕೋಶದಲ್ಲಿ ಸೋಂಕು ಇತ್ತು. ಮಾತ್ರೆಗಳಿಂದ ಅರ್ಧ ವಾಸಿ. ಉಳಿದರ್ಧ ವಾಸಿಯಾದದ್ದು ಎದುರುಮನೆಯ ಮರಾಠಿ ಅಜ್ಜಿಯ ಕೈಗೆ ಬೀಗದ ಕೈ ಕೊಟ್ಟ ಮೇಲೆ. ಆಕೆ ದಿನವೂ ಒಂದು ಗಂಟೆಗೆ ನಾಯಿಯನ್ನು ಬೇವಿನ ಮರದವರೆಗೆ ಕರೆದೊಯ್ಯುತ್ತಾರೆ.

ಗಡಿಯಾರದ ಮಾತು ಬಂದುದರಿಂದ ಹೇಳುತ್ತೇವೆ. ಆರೋಗ್ಯವಂತ ಬೆಳೆದ ನಾಯಿ ಹಗಲು ಆರು ಗಂಟೆ, ಬಹಳವೆಂದರೆ ಎಂಟು ಗಂಟೆ ತಡೆದೀತು. ಮರಿಗೆ ತಿಂಗಳಿಗೆ ಒಂದು ಗಂಟೆಯ ಲೆಕ್ಕ. ಕಚೇರಿಯಲ್ಲಿ ಗಂಟೆಗೊಮ್ಮೆ ಚಹಾಕ್ಕೆ ಏಳುವ ನಾವು, ಹತ್ತು ಗಂಟೆ ತಡೆದುಕೋ ಎಂದು ಮೂಕಪ್ರಾಣಿಗೆ ಆಜ್ಞೆ ಮಾಡುತ್ತೇವೆ! ಒಮ್ಮೆ ತಡೆಯಲಾರದೆ ಪಂಜರ ಒದ್ದೆಯಾಯಿತೆಂದರೆ, ಆ ವಾಸನೆ ಉಳಿದರೆ, ಎರಡನೆಯ ಬಾರಿ ಸಂಕೋಚ ಅಷ್ಟಿರುವುದಿಲ್ಲ. ಫಿನಾಯಿಲ್ ಸುರಿದರೆ ವಾಸನೆ ಮುಚ್ಚಿಹೋಗುವುದು ನಮ್ಮ ಮೂಗಿಗೆ ಮಾತ್ರ; ನಾಯಿಯ ಮೂಗಿಗಲ್ಲ, ಅದರ ಪಾದಕ್ಕೂ ನಾಲಗೆಗೂ ಅದು ಒಳ್ಳೆಯದಲ್ಲ. ಮೂತ್ರವನ್ನು ಒಡೆಯುವ ಕಿಣ್ವವಿರುವ ದ್ರಾವಣ ಈಗ ಅಂಗಡಿಯಲ್ಲಿ ಸಿಗುತ್ತದೆ. ನೀರು ಕಡಿಮೆ ಮಾಡುವುದಂತೂ ದ್ರೋಹ. ನಾಸಿಕದ ಮೇ ತಿಂಗಳ ಬಿಸಿಲಿನಲ್ಲಿ, ಮೂತ್ರಪಿಂಡ ಸೋತ ನಾಯಿಗೆ ನೀರು ತಪ್ಪಿಸಿದರೆ ಅದು ಬದುಕುವುದಿಲ್ಲ.

ದೇಹವೂ ಸರಿ, ಗಡಿಯಾರವೂ ಸರಿ, ಆದರೂ ಒದ್ದೆ ಎನ್ನುವವರಿಗೆ ನಮ್ಮ ಈ ಊರಿನ ಕಥೆಯನ್ನೇ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಸೇವೆ ಮುಗಿದ ಗೋರಾ ಸೈನಿಕರು ಸ್ವದೇಶದ ಹಡಗಿಗಾಗಿ ದೇವಳಾಲಿಯ ಶಿಬಿರದಲ್ಲಿ ಕಾಯುತ್ತಿದ್ದರು. ಹಡಗು ಹೊರಡುತ್ತಿದ್ದುದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಅದು ತಪ್ಪಿದವನಿಗೆ ತಿಂಗಳುಗಟ್ಟಲೆ ಕೆಲಸವಿಲ್ಲದ ಕಾಯುವಿಕೆ. ಕುಡಿತ, ಜ್ವರ, ಬೇಸರ. ಕೆಲವರ ಬುದ್ಧಿಯೇ ಕೆಟ್ಟಿತು. ಇಂಗ್ಲಿಷಿನಲ್ಲಿ ತಲೆಕೆಟ್ಟವನಿಗೆ 'ಡೂಲಾಲಿ' ಎನ್ನುತ್ತಾರಲ್ಲ, ಅದು ನಮ್ಮ ದೇವಳಾಲಿಯೇ. ಮೊದಲು ಅದರ ಬಾಲಕ್ಕೆ 'ಟ್ಯಾಪ್' ಎಂಬುದೂ ಇತ್ತು. ಅದು ನಮ್ಮ ತಾಪವೇ. ಬಂದೂಕು ಹಿಡಿದ ಗಟ್ಟಿಮುಟ್ಟಾದ ಗಂಡಸರೇ ಬರಿಯ ಕಾಯುವಿಕೆಯಿಂದ ಹಾಗಾದರೆ, ಯಾವಾಗ ಬಾಗಿಲು ತೆರೆದೀತೆಂದು ತಿಳಿಯದ ನಾಯಿಯ ಪಾಡೇನು?

ಒಂಟಿತನದ ದಿಗಿಲಿಗೆ ಗುರುತುಗಳಿವೆ. ಮನೆಯವರು ಹೊರಟ ಅರ್ಧ ಗಂಟೆಯೊಳಗೇ ಒದ್ದೆ, ಎದೆಯೆಲ್ಲ ಜೊಲ್ಲು, ಕಚ್ಚಿ ಬಾಗಿಸಿದ ಸರಳು, ಕಿತ್ತ ಉಗುರು, ನೆರೆಯವರಿಗೆ ಕೇಳುವ ಊಳು. ಜನರಿದ್ದಾಗ ಇದೊಂದೂ ಇಲ್ಲ. ಇಂಥ ನಾಯಿಗೆ ಪಂಜರವೇ ರೋಗ. ಅದನ್ನು ಹೊರಗೆ ಬಿಟ್ಟು, ಒಂದೊಂದೇ ನಿಮಿಷ ಹೆಚ್ಚಿಸುತ್ತ ಒಂಟಿಯಾಗಿರುವುದನ್ನು ಮತ್ತೆ ಕಲಿಸಬೇಕು. ಹಾಗೆಯೇ ದೀಪಾವಳಿಯ ಪಟಾಕಿ. ಇಲ್ಲಿ ತೋಪುಖಾನೆಯ ಶಾಲೆಯಿರುವುದರಿಂದ ಅಭ್ಯಾಸದ ಗುಂಡಿನ ಸದ್ದು ನಮಗೆ ರೂಢಿ. ಹೊಸದಾಗಿ ವರ್ಗವಾಗಿ ಬಂದವರ ನಾಯಿಗೆ ರೂಢಿಯಿಲ್ಲ.

ಕಲಿತದ್ದು ಮರೆಯುತ್ತದೆಯೆ ಎಂದು ಕೇಳುವವರು ಪಾವ್ಲೋವನ ನಾಯಿಗಳನ್ನು ನೆನೆಯಲಿ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ ನೆರೆ ಬಂದು ಆತನ ಪ್ರಯೋಗಶಾಲೆಯ ನಾಯಿಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ಕಷ್ಟದಿಂದ ಉಳಿಸಲಾಯಿತು. ಆದರೆ ಎಷ್ಟೋ ಕಾಲದಿಂದ ಕಲಿಸಿದ್ದ ಪಾಠಗಳು ಅವುಗಳಲ್ಲಿ ಕೆಲವಕ್ಕೆ ಅಳಿಸಿಹೋಗಿದ್ದವು. ಜಗತ್ತಿನ ಅತ್ಯಂತ ಶಿಸ್ತಿನ ಶಿಕ್ಷಣ ಪಡೆದ ನಾಯಿಗಳ ಗತಿಯಿದು. ಪಾವ್ಲೋವ್ ಅವುಗಳಿಗೆ ಬಾರುಕೋಲು ಹಿಡಿಯಲಿಲ್ಲ, ಕಾರಣ ಹುಡುಕಿದ.

"ಹಾಗಾದರೆ ನಮ್ಮನ್ನು ಕಂಡೊಡನೆ ತಲೆ ತಗ್ಗಿಸಿ ಬಾಲ ಮುದುಡಿಕೊಳ್ಳುವುದೇಕೆ? ತಪ್ಪು ಮಾಡಿದ್ದು ಅದಕ್ಕೆ ಗೊತ್ತಿದೆ!" ಎಂಬುದು ಯಜಮಾನರ ಬ್ರಹ್ಮಾಸ್ತ್ರ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಅಸ್ತ್ರವನ್ನು ಮುರಿದಿಟ್ಟಿದ್ದಾರೆ. 14 ನಾಯಿಗಳು, ಮುಟ್ಟಬಾರದೆಂದ ತಿಂಡಿಯನ್ನು ಕೆಲವು ತಿಂದವು, ಕೆಲವು ತಿನ್ನಲಿಲ್ಲ, ಒಡೆಯರಿಗೆ ಮಾತ್ರ ಕೆಲವೊಮ್ಮೆ ಸುಳ್ಳು ವರದಿ. ಆ 'ಅಪರಾಧಿ ಮುಖ' ಬಂದದ್ದು ತಿಂದುದರಿಂದಲ್ಲ, ಒಡೆಯರು ಗದರಿದ್ದರಿಂದ. ತಪ್ಪು ಮಾಡದೆ ಗದರಿಸಿಕೊಂಡ ನಾಯಿಯ ಮುಖದಲ್ಲಿ ಅದು ಇನ್ನೂ ಹೆಚ್ಚಾಗಿತ್ತು! ಎಂಟು ತಾಸಿನ ಹಿಂದಿನ ಒದ್ದೆಗೆ ಈಗ ಹೊಡೆದರೆ ನಾಯಿ ಕಲಿಯುವುದು ಒಂದೇ: ಸಂಜೆ ಬಾಗಿಲು ತೆರೆಯುವವನು ಅಪಾಯಕಾರಿ. ಮರುದಿನ ಆ ಭಯಕ್ಕೇ ಮತ್ತಷ್ಟು ಒದ್ದೆ.

ಇಷ್ಟಾದರೂ ಕಿವಿಗೆ ಹಾಕಿಕೊಳ್ಳದವರಿಗೆ ಕಾನೂನಿನ ಮಾತು. ಕಲಮು ಉಪಕಲಮು ಓದುವುದೇ ನಮ್ಮ ಕಸುಬು. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಛಲಹಿಡಿದು ಎತ್ತಿದ ವಿಷಯದಿಂದ ಹುಟ್ಟಿದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ, ಅಲುಗಾಡಲು ಸಾಲದಷ್ಟು ಸಣ್ಣ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದು ಅಪರಾಧ. ಹಸಿವು ನೀರಡಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬಿಡುವುದೂ ಅಪರಾಧ. ಮೊದಲ ತಪ್ಪಿಗೆ ಅಲ್ಲಿ ಬರೆದ ದಂಡ 10ರಿಂದ 50 ರೂಪಾಯಿ; ಮಾಟುಂಗದ ಒಂದು ಮಸಾಲೆ ದೋಸೆಗೂ ಸಾಲದು. ಕಾಯ್ದೆಯ ಹಲ್ಲು ಮೊಂಡಾಗಿದೆ ಎಂಬುದು ನಿಜ, ಹಾಗೆಂದು ಲಾಮ್ ರಸ್ತೆಯ ಸಲಹೆ ಸಭ್ಯವಾಗುವುದಿಲ್ಲ. ವರ್ಗಾವಣೆಯ ಆದೇಶ ಕೈಗೆ ಬಂದಾಗ "ಒಳಗೇ ಹೊಲಸು ಮಾಡುತ್ತದೆ, ಹೇಗೆ ಒಯ್ಯುವುದು?" ಎಂದು ಕ್ಯಾಂಪಿನ ಗೇಟಿನ ಬಳಿ ಬಿಟ್ಟುಹೋದ ನಾಯಿಗಳನ್ನು ನಾವು ವರ್ಷವರ್ಷವೂ ನೋಡುತ್ತಿದ್ದೇವೆ. ರೈಲಿನ ಗಾರ್ಡಿನ ಬ್ರೇಕ್‌ವ್ಯಾನಿನಲ್ಲಿ ನಾಯಿಗೂ ಜಾಗವಿದೆ, ಪಾರ್ಸೆಲ್ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಬೇಕು. ಮೂತ್ರ ಪರೀಕ್ಷೆಯ ಖರ್ಚು ಮನೆಸಾಮಾನಿನ ಲಾರಿ ಬಾಡಿಗೆಗಿಂತ ಎಷ್ಟೋ ಕಡಿಮೆ.