ಬಾಡಿಗೆ ಕಾರಿಗೆ ಮಾತ್ರ, ದಾರಿಗಲ್ಲ

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಆಪಲ್‌ಕ್ರಾಸ್ ಎಂಬ ಸಣ್ಣ ಊರಿದೆ. ಅಲ್ಲಿಗೆ ಹೋಗುವ ಹಳೆಯ ದಾರಿ 626 ಮೀಟರ್ ಎತ್ತರದ ಘಾಟಿಯನ್ನು ಹತ್ತಿ ಇಳಿಯುತ್ತದೆ. ಅದರ ಹೆಸರು ಬ್ಯಾಲಖ್ ನಾ ಬಾ. ಸ್ಥಳೀಯ ಗೇಲಿಕ್ ಭಾಷೆಯಲ್ಲಿ 'ದನಗಳ ಘಾಟಿ' ಎಂದರ್ಥ. ಹಿಂದೆ ಜನರು ದನಗಳನ್ನು ಮಾರಾಟಕ್ಕೆ ಹೊಡೆದುಕೊಂಡು ಹೋಗುತ್ತಿದ್ದ ದಾರಿಯದು. ಇಂದಿಗೂ ಅದು ಒಂದೇ ವಾಹನದ ಅಗಲದ ರಸ್ತೆ. ಹೊಸದಾಗಿ ಚಾಲನೆ ಕಲಿಯುತ್ತಿರುವವರು, ಬಹು ದೊಡ್ಡ ವಾಹನಗಳು ಮತ್ತು ಕಾರವಾನ್‌ಗಳು ಮುಂದೆ ಸಾಗಬಾರದೆಂದು ಘಾಟಿಯ ಬುಡದಲ್ಲಿಯೇ ಫಲಕ ಎಚ್ಚರಿಸುತ್ತದೆ. ಆದರೂ ಬೇಸಿಗೆ ಬಂತೆಂದರೆ ಪ್ರವಾಸಿಗರ ವಾಹನಗಳು ಅಲ್ಲಿ ಎದುರುಬದುರಾಗಿ ಸಿಕ್ಕಿಕೊಳ್ಳುವುದುಂಟು.

ಕರ್ನಾಟಕದಿಂದ ಉನ್ನತ ವ್ಯಾಸಂಗಕ್ಕಾಗಿ ಬ್ರಿಟನ್ನಿಗೆ ತೆರಳುವ ಯುವಕ ಯುವತಿಯರಿದ್ದಾರೆ. ಅವರನ್ನು ನೋಡಿಬರಲು ಹೋಗುವ ತಂದೆತಾಯಂದಿರಿದ್ದಾರೆ. ಮೂರು ದಿನಗಳ ಬಿಡುವು ದೊರೆತರೆ ಕಾರೊಂದನ್ನು ಬಾಡಿಗೆಗೆ ಪಡೆದು, ಹೈಲ್ಯಾಂಡ್ಸ್ ಎಂಬ ಆ ಮಲೆಸೀಮೆಯನ್ನು ಸುತ್ತಿಬರಬೇಕೆಂಬ ಆಸೆ ಸಹಜವಾದದ್ದೇ. ಅಲ್ಲಿಯೂ ವಾಹನಗಳು ಎಡಬದಿಯಲ್ಲಿಯೇ ಚಲಿಸುತ್ತವೆ. ಭಾರತದ ಚಾಲನಾ ಪರವಾನಗಿ ಚಾಲ್ತಿಯಲ್ಲಿದ್ದರೆ, ಬ್ರಿಟನ್ನಿಗೆ ಬಂದ ದಿನದಿಂದ 12 ತಿಂಗಳವರೆಗೆ ಅದರ ಆಧಾರದ ಮೇಲೆಯೇ ಕಾರು ಓಡಿಸಬಹುದು. ಆದ್ದರಿಂದ ಎಲ್ಲವೂ ಸುಲಭವೆಂದು ತೋರುತ್ತದೆ.

ಬಾಡಿಗೆಯ ಕರಾರುಪತ್ರವು ಕಾರಿನ ಬಗ್ಗೆ ಬಹಳಷ್ಟು ಹೇಳುತ್ತದೆ. ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಡುವ ಠೇವಣಿ, ಕಿರಿಯ ವಯಸ್ಸಿನ ಚಾಲಕರಿಗೆ ಹೆಚ್ಚುವರಿ ಶುಲ್ಕ, ಗೀರು ಬಿದ್ದರೆ ವಿಮೆಯ ಹೊರಗೆ ಬಾಡಿಗೆದಾರನೇ ತೆರಬೇಕಾದ ಮೊತ್ತ, ಟ್ಯಾಂಕು ತುಂಬಿಸಿ ಹಿಂದಿರುಗಿಸಬೇಕೆಂಬ ಷರತ್ತು ಇವೆಲ್ಲ ಅದರಲ್ಲಿರುತ್ತವೆ. ಸಹಿ ಹಾಕುವ ಮುನ್ನ ಇವನ್ನು ಓದಿಕೊಳ್ಳುವುದು ಅಗತ್ಯ. ಆದರೆ ಕಾರು ಓಡುವ ದಾರಿಯ ಬಗ್ಗೆ, ಅದರ ಅಂಚಿನಲ್ಲಿ ಮೇಯುವ ಕುರಿಗಳ ಬಗ್ಗೆ, ಆ ದಾರಿಯನ್ನೇ ನಂಬಿ ಬದುಕುವ ಜನರ ಬಗ್ಗೆ ಅದರಲ್ಲಿ ಹೆಚ್ಚಿನ ಮಾತಿರುವುದಿಲ್ಲ. ಹಣ ತೆತ್ತಿರುವುದು ಕಾರಿಗೆ ಮಾತ್ರ ಎಂಬುದನ್ನು ಪ್ರವಾಸಿಯೇ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಹೈಲ್ಯಾಂಡ್ಸ್‌ನ ಒಂಟಿ ಪಥದ ರಸ್ತೆಗಳಲ್ಲಿ ಅಲ್ಲಲ್ಲಿ ದಾರಿ ಬಿಡುವ ಜಾಗಗಳಿವೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆ ಈ ಕುರಿತು ಸ್ಪಷ್ಟವಾಗಿದೆ. ಎದುರಿನಿಂದ ವಾಹನ ಬಂದರೆ, ಆ ಜಾಗ ಎಡಕ್ಕಿದ್ದಲ್ಲಿ ಅದರೊಳಗೆ ಸರಿಯಬೇಕು. ಬಲಕ್ಕಿದ್ದಲ್ಲಿ ಅದರ ಎದುರಿಗೇ ನಿಂತು, ಬರುವವರು ಅದರೊಳಗೆ ಸರಿಯಲು ಬಿಡಬೇಕು. ಸಾಧ್ಯವಾದಾಗಲೆಲ್ಲ ಏರು ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ಹಿಂದಿನಿಂದ ಬರುವವರು ಮುಂದೆ ಹೋಗಬಯಸಿದರೂ ಸರಿದು ನಿಲ್ಲಬೇಕು. ಈ ಜಾಗಗಳಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಯುತ್ತಾ ಕೂರುವಂತಿಲ್ಲ. ಪಶ್ಚಿಮ ಕರಾವಳಿಯ ಅನೇಕ ಊರುಗಳ ಜನರಿಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಪೂರ್ವ ತೀರದ ಇನ್ವರ್ನೆಸ್ ಪಟ್ಟಣಕ್ಕೇ ಹೋಗಬೇಕು. ಹಿಂದಿನ ವಾಹನದಲ್ಲಿರುವವರು ರೋಗಿಯೋ, ವೈದ್ಯರೋ, ಶಾಲೆಯಿಂದ ಮರಳುವ ಮಕ್ಕಳೋ ಆಗಿರಬಹುದು. ಇಂತಹ ರಸ್ತೆ ನಡೆಯುವುದು ಪರಸ್ಪರ ಸಹಕಾರದಿಂದಲೇ. ಒಬ್ಬನು ಹಟ ಹಿಡಿದರೆ ಎಲ್ಲರೂ ನಿಲ್ಲಬೇಕಾಗುತ್ತದೆ.

ಇನ್ನು ನೆಲದ ಮಾತು. ಸ್ಕಾಟ್ಲೆಂಡಿನ ಭೂಭಾಗದ ಐದನೆಯ ಒಂದು ಪಾಲಿಗಿಂತ ಹೆಚ್ಚು ಪೀಟ್ ನೆಲ. ನೀರು ನಿಂತ ಜೌಗಿನಲ್ಲಿ ಪಾಚಿಯೂ ಹುಲ್ಲೂ ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಉಂಟಾದ ಕಪ್ಪು ಮಣ್ಣು ಅದು. ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಅಂದರೆ ಒಂದು ಅಡಿಯ ಪೀಟ್ ಕೂಡಲು ಸುಮಾರು 300 ವರ್ಷ ಬೇಕು. ಹಸಿಯಾಗಿರುವಷ್ಟು ಕಾಲ ಅದು ಇಂಗಾಲವನ್ನು ಹಿಡಿದಿಡುತ್ತದೆ; ಒಣಗಿದರೆ ಬಿಟ್ಟುಕೊಡುತ್ತದೆ. ಉತ್ತರ ತುದಿಯ ಫ್ಲೋ ಕಂಟ್ರಿ ಎಂಬ ಪೀಟ್ ಪ್ರದೇಶವನ್ನು ಯುನೆಸ್ಕೊ 2024ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಂತಹ ನೆಲದ ರಸ್ತೆಯಂಚಿಗೆ ಕಾರಿನ ಚಕ್ರ ಇಳಿದರೆ ಅಂಚು ಕುಸಿಯುತ್ತದೆ, ಕಾರೂ ಹೂತುಕೊಳ್ಳುತ್ತದೆ. ಸ್ಕಾಟ್ಲೆಂಡಿನ 2003ರ ಭೂ ಸುಧಾರಣಾ ಕಾಯಿದೆ ಬೆಟ್ಟ ಬಯಲುಗಳಲ್ಲಿ ಹೊಣೆಯರಿತು ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಆ ಹಕ್ಕು ಕಾಲಿಗೆ ಇದೆಯೇ ಹೊರತು ಮೋಟಾರು ವಾಹನಕ್ಕಿಲ್ಲ.

ಏಪ್ರಿಲ್, ಮೇ ತಿಂಗಳುಗಳು ಅಲ್ಲಿ ಕುರಿಗಳು ಮರಿ ಹಾಕುವ ಕಾಲ. ಎಷ್ಟೋ ರಸ್ತೆಗಳಿಗೆ ಬೇಲಿಯಿಲ್ಲ. ರಸ್ತೆಯ ಈಚೆ ಮರಿ, ಆಚೆ ತಾಯಿ ಕಂಡರೆ ಕಾರಿನ ಸದ್ದಿಗೆ ಬೆದರಿದ ಮರಿ ತಾಯಿಯ ಕಡೆಗೆ ಓಡುವುದು ನಿಶ್ಚಿತವೆಂದೇ ತಿಳಿಯಬೇಕು. ಪ್ರವಾಸಿಗೆ ಅದೊಂದು ಆಕಸ್ಮಿಕ. ತುಂಡುನೆಲವನ್ನು ನಂಬಿ ಸಾಮೂಹಿಕ ಗೋಮಾಳದಲ್ಲಿ ಕುರಿ ಮೇಯಿಸುವ ಸಣ್ಣ ರೈತನಿಗೆ ಅದು ವರ್ಷದ ಗಳಿಕೆ.

ದಾರಿಯ ಮೇಲಿನ ತಮ್ಮ ಹಕ್ಕನ್ನು ಅಲ್ಲಿನ ಜನ ಹೋರಾಡಿಯೇ ಉಳಿಸಿಕೊಂಡಿದ್ದಾರೆ. 1995ರಲ್ಲಿ ಸ್ಕೈ ದ್ವೀಪಕ್ಕೆ ಸೇತುವೆಯಾದಾಗ ಅದರ ಮೇಲೆ ಸುಂಕ ವಿಧಿಸಲಾಯಿತು. ಅನೇಕ ದ್ವೀಪವಾಸಿಗಳು ಸುಂಕ ಕೊಡಲು ನಿರಾಕರಿಸಿ ನ್ಯಾಯಾಲಯದ ಕಟಕಟೆ ಹತ್ತಿದರು. ಕೊನೆಗೆ 2004ರ ಡಿಸೆಂಬರಿನಲ್ಲಿ ಸುಂಕ ರದ್ದಾಯಿತು. 2015ರಲ್ಲಿ ಇನ್ವರ್ನೆಸ್‌ನಿಂದ ಹೊರಟು ಅಲ್ಲಿಗೇ ಮರಳುವ 516 ಮೈಲಿಗಳ, ಅಂದರೆ ಸುಮಾರು 830 ಕಿಲೋಮೀಟರುಗಳ, ಸುತ್ತುದಾರಿಯನ್ನು 'ನಾರ್ತ್ ಕೋಸ್ಟ್ 500' ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದಾಗ ವಾಹನ ಸಂಚಾರ ಹೆಚ್ಚಿತು. ಹೆಸರು ಹೊಸದು, ರಸ್ತೆಗಳು ಮಾತ್ರ ಹಳೆಯವೇ. ವಸತಿಗೃಹ, ಅಂಗಡಿಗಳಿಗೆ ಲಾಭವಾದದ್ದು ನಿಜ. ಮುರಿದ ರಸ್ತೆಯಂಚು, ಕಸ ಮತ್ತು ಕಾಯುವಿಕೆ ಊರವರ ಪಾಲಿಗೆ ಉಳಿದದ್ದೂ ಅಷ್ಟೇ ನಿಜ.

ಹಾಗಾದರೆ ಕಾರು ಬೇಡವೇ ಬೇಡವೆ? ಹಾಗೆ ಹೇಳುವುದು ನ್ಯಾಯವಾಗದು. ಅಲ್ಲಿನ ಹಳ್ಳಿಗಳಲ್ಲಿ ಬಸ್ಸುಗಳು ವಿರಳ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಕಾರು ಅನಿವಾರ್ಯವಾಗಬಹುದು. ಆದರೆ ಪ್ರಯಾಣದ ಎಷ್ಟು ಭಾಗಕ್ಕೆ ಕಾರು ಬೇಕು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಎಡಿನ್‌ಬರೋದಿಂದ ಇನ್ವರ್ನೆಸ್‌ಗೆ ರೈಲಿದೆ. ಅಲ್ಲಿಂದ ಸಮುದ್ರ ತೀರದ ಕೈಲ್ ಆಫ್ ಲೋಖಾಲ್ಷ್‌ಗೆ 1897ರಲ್ಲಿ ಮುಟ್ಟಿದ ರೈಲುಮಾರ್ಗ ಇಂದಿಗೂ ನಡೆಯುತ್ತಿದೆ. ಸೇತುವೆ ದಾಟಿ ಸ್ಕೈಗೆ ಬಸ್ಸುಗಳಿವೆ. ಸ್ಕಾಟ್ಲೆಂಡಿನಲ್ಲಿ ವಾಸಿಸುವ 22 ವರ್ಷದೊಳಗಿನವರಿಗೆ 2022ರ ಜನವರಿಯಿಂದ ಬಸ್ ಪ್ರಯಾಣ ಉಚಿತ. ಕಾರು ಬೇಕೇ ಎಂದಾದರೆ ಇನ್ವರ್ನೆಸ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಚಿಕ್ಕದೊಂದು ಕಾರನ್ನು ಒಂದೆರಡು ದಿನಕ್ಕೆ ಪಡೆಯುವುದು ಲೇಸು. ಮೂರು ದಿನದಲ್ಲಿ 830 ಕಿಲೋಮೀಟರ್ ಓಡುವುದಕ್ಕಿಂತ, ಒಂದೇ ಊರಿನಲ್ಲಿ ಎರಡು ರಾತ್ರಿ ತಂಗಿ, ಅಲ್ಲಿನ ಅಂಗಡಿಯಲ್ಲಿ ಕೊಂಡು, ಸುತ್ತಲಿನ ಬೆಟ್ಟವನ್ನು ನಡೆದು ನೋಡಿದರೆ ಹಣವೂ ಊರಿನಲ್ಲಿ ಉಳಿಯುತ್ತದೆ, ನೆನಪೂ ಮನಸ್ಸಿನಲ್ಲಿ ಉಳಿಯುತ್ತದೆ.

ಮಲೆನಾಡಿಗರಿಗೆ ಇದು ಪರದೇಶದ ಸಂಗತಿಯೆಂದು ತೋರಬೇಕಿಲ್ಲ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳುಳ್ಳ ಸ್ವಯಂಚಾಲನೆಯ ಬಾಡಿಗೆ ಕಾರುಗಳು ಶನಿವಾರ, ಭಾನುವಾರ ಘಾಟಿ ಹತ್ತುವುದನ್ನು ಅವರು ಬಲ್ಲರು. ತಿರುವಿನಲ್ಲಿ ನಿಂತ ಕಾರು, ತೋಟದ ಬೇಲಿಯ ಬಳಿ ಎಸೆದ ಬಾಟಲಿ, ಹಿಂದೆ ಸಿಕ್ಕಿಕೊಂಡ ಶಾಲೆಯ ಬಸ್ಸು ಅವರಿಗೆ ಹೊಸತಲ್ಲ. ನೆರೆಯ ನೀಲಗಿರಿಯಲ್ಲಿ ವಾಹನಗಳ ಭಾರ ಮಿತಿಮೀರಿ, ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಅತಿಥಿಗಳು ತಾವಾಗಿಯೇ ಪಾಲಿಸದ ಮಿತಿಯನ್ನು ಕೊನೆಗೆ ನ್ಯಾಯಾಲಯ ಹೇರಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆಗುಂಬೆಯಲ್ಲಿಯೋ ಚಾರ್ಮಾಡಿಯಲ್ಲಿಯೋ ಪರವೂರಿನ ಚಾಲಕನಿಂದ ಯಾವ ವಿವೇಕವನ್ನು ಮಲೆನಾಡಿನ ಯುವಕರು ನಿರೀಕ್ಷಿಸುತ್ತಾರೋ, ದನಗಳ ಘಾಟಿಯಲ್ಲಿ ಅದೇ ವಿವೇಕವನ್ನು ಅವರು ತೋರಬೇಕು. ದಾರಿ ಬಿಡುವ ಜಾಗದಲ್ಲಿ ಸರಿದು ನಿಂತವರಿಗೆ ಎದುರಿನವರು ಕೈಯೆತ್ತಿ ವಂದಿಸಿ ಸಾಗುವುದು ಅಲ್ಲಿನ ವಾಡಿಕೆ. ಆ ವಂದನೆಗೆ ಪಾತ್ರರಾಗಿ ಮರಳಿದವರು ತಮ್ಮ ಊರಿನ ಘಾಟಿಯಲ್ಲಿಯೂ ಅದೇ ಮರ್ಯಾದೆಯನ್ನು ಧೈರ್ಯವಾಗಿ ಕೇಳಬಲ್ಲರು.