ಐಕ್ಯತೆಗೆ ಪ್ರಾರ್ಥನೆ ಮಾಡಿ, ಮೊದಲು ಸ್ಮಶಾನದ ಗೋಡೆ ಒಡೆಯಿರಿ



ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಚರ್ಚುಗಳು ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ವಾರ ಆಚರಿಸುತ್ತವೆ. ಕ್ಯಾಥೊಲಿಕ್ಕರು, ಸಿಎಸ್‌ಐನವರು, ಮೆಥಡಿಸ್ಟರು ಒಟ್ಟಿಗೆ ನಿಂತು "ನಮ್ಮನ್ನ ಒಂದು ಮಾಡು" ಅಂತ ಬೇಡ್ಕೋತಾರೆ. ಒಳ್ಳೇದು. ಆದ್ರೆ ಯಾವ ಒಡಕು ಮುಚ್ಚೋಕೆ ಈ ಪ್ರಾರ್ಥನೆ?

ನಾನು ಚರ್ಚಿಗೆ ಹೋಗೋನಲ್ಲ, ಬಾಬಾಸಾಹೇಬರ ದಾರಿಯವನು. ಆದ್ರೆ ನನ್ನ ನೆಂಟರಿಷ್ಟರಲ್ಲಿ ಎಷ್ಟೋ ಮನೆಗಳು ಮೂರು ತಲೆಮಾರಿನಿಂದ ಚರ್ಚಿಗೆ ನಡ್ಕೊಂಡಿವೆ. ಅವರ ಪರವಾಗಿ ಕೇಳ್ತಿದೀನಿ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಸಿಎಸ್‌ಐ ಆಯಿತು. ಯುರೋಪಿನಿಂದ ಹಡಗು ಹತ್ತಿ ಬಂದ ಜಗಳವನ್ನ ಇಲ್ಲಿ ಕೂತು ಬಗೆಹರಿಸಿದರು. ಊರು-ಕೇರಿ ನಡುವಿನ ಜಗಳ ಮಾತ್ರ ಯಾಕೆ ಬಗೆಹರೀಲಿಲ್ಲ?

2008ನ್ನೇ ನೋಡಿ. ಈ ಪ್ರಾರ್ಥನಾ ವಾರಕ್ಕೆ ನೂರು ವರ್ಷ ತುಂಬಿದ ವರ್ಷ. ಸೆಪ್ಟೆಂಬರ್‌ನಲ್ಲಿ ಮಂಗಳೂರು ಸುತ್ತ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯ್ತು. ನುಗ್ಗಿದವರು "ನೀನು ಯಾವ ಪಂಗಡ" ಅಂತ ಕೇಳಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ತಮಿಳುನಾಡಿನ ಎರೈಯೂರಿನಲ್ಲಿ, ಸಮಾನ ಗೌರವ ಕೇಳಿದ ದಲಿತ ಕ್ಯಾಥೊಲಿಕ್ಕರ ಮೇಲೆ ವನ್ನಿಯಾರ್ ಕ್ಯಾಥೊಲಿಕ್ಕರೇ ಮುಗಿಬಿದ್ದರು. ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಂತೂ ದಲಿತರ ಹೆಣಗಳನ್ನ ಬೇರೆ ಇಡೋಕೆ ಗೋಡೆಯನ್ನೇ ಕಟ್ಟಿದ್ದರು. ಒಂದೇ ಪಂಗಡ, ಒಂದೇ ಪೂಜೆ, ಮಣ್ಣು ಮಾತ್ರ ಬೇರೆ!

ಇದನ್ನ ನಾನೊಬ್ಬನೇ ಹೇಳ್ತಿಲ್ಲ. 2016ರಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿಯೇ ತನ್ನ ನೀತಿ ದಾಖಲೆಯಲ್ಲಿ ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಭಾರತಕ್ಕೆ ಮೊದಲ ಕಾರ್ಡಿನಲ್ ಸಿಕ್ಕಿದ್ದು 1953ರಲ್ಲಿ. ಮೊದಲ ದಲಿತ ಕಾರ್ಡಿನಲ್, ಹೈದರಾಬಾದಿನ ಆಂಥೋನಿ ಪೂಲಾ, ಬರೋಕೆ 2022 ಆಗಬೇಕಾಯ್ತು.

ಇನ್ನು ಸರ್ಕಾರದ ವರಸೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದ್ರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇನ್ನೂ ಹೊರಗೆ. "ನಿಮ್ಮ ಧರ್ಮದಲ್ಲಿ ಜಾತಿ ಇಲ್ವಲ್ಲ" ಅನ್ನೋದು ವಾದ. ಈ ವಾದಕ್ಕೆ ಅನ್ನ ಹಾಕ್ತಿರೋರು ಯಾರು? ದೆಹಲಿಯಲ್ಲಿ "ನಮ್ಮಲ್ಲೂ ಜಾತಿ ಇದೆ, ಮೀಸಲಾತಿ ಕೊಡಿ" ಅಂತ ಮನವಿ ಕೊಟ್ಟು, ಊರಿಗೆ ಬಂದು "ನಾವೆಲ್ಲ ಕ್ರಿಸ್ತನಲ್ಲಿ ಒಂದು" ಅಂತ ಪ್ರಸಂಗ ಮಾಡೋ ನಾಯಕರೇ.

2013ರ ಪ್ರಾರ್ಥನಾ ವಾರದ ಪಠ್ಯ ಸಿದ್ಧಪಡಿಸಿದ್ದು ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ. ಅವರು ದಲಿತರ ನೋವನ್ನೇ ನಡುವೆ ಇಟ್ಟರು. ಆಯ್ಕೆ ಮಾಡಿದ್ದು ಪ್ರವಾದಿ ಮೀಕನನ್ನ. ದೇವರಿಗೆ ಬೇಕಿರೋದು ಬಲಿ ಅಲ್ಲ, ನ್ಯಾಯ ಅಂದವನು ಅವನು. ಆ ವರ್ಷ ಜಗತ್ತಿನ ಎಷ್ಟೋ ದೇಶಗಳ ಚರ್ಚುಗಳಲ್ಲಿ ನಮ್ಮ ಕೇರಿಯ ನೋವು ಪ್ರಾರ್ಥನೆಯಾಯ್ತು. ಇಲ್ಲಿ ಏನು ಬದಲಾಯ್ತು?

ಹಾಗಾಗಿ ಚರ್ಚಿನ ಹಿರಿಯರಿಗೆ ನೇರವಾಗಿ ಹೇಳ್ತೀನಿ. ಸ್ಮಶಾನ ಒಂದು ಮಾಡಿ. ನಿಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ದಲಿತ ಕ್ರೈಸ್ತರಿಗೆ ಎಷ್ಟು ಸೀಟು, ಎಷ್ಟು ಕೆಲಸ ಕೊಟ್ಟಿದ್ದೀರಿ ಅಂತ ಲೆಕ್ಕ ಬಹಿರಂಗ ಮಾಡಿ. ಜಾತಿ ಕೇಳೋ ವಧು-ವರರ ಜಾಹೀರಾತನ್ನ ಚರ್ಚಿನ ಪತ್ರಿಕೆಯಲ್ಲಿ ಹಾಕಬೇಡಿ. 1950ರ ಆದೇಶದ ವಿರುದ್ಧ ಬೀದಿಗಿಳಿಯಿರಿ, ನಾವೂ ಜೊತೆಗಿರ್ತೀವಿ.

ಹೊರಗಿನಿಂದ ಕಲ್ಲು ಬಿದ್ದಾಗ ನಿಮ್ಮ ಪರ ನಿಂತವರಲ್ಲಿ ನಾವೂ ಇದ್ದೀವಿ, ಮುಂದೆಯೂ ನಿಲ್ತೀವಿ. ಒಳಗಿನ ಗೋಡೆ ಒಡೆಯೋ ಕೆಲಸ ಮಾತ್ರ ನಿಮ್ಮದು.

ಜೈ ಭೀಮ್.